ಮಾಂಕ್ ಪಾತ್ರಕ್ಕೆ ಅಂಕ ಹಂಚುವುದು ಹೇಗೆ?

ಪ್ರಶ್ನೆ: ನಾವು ಐವರು ಗೆಳೆಯರು 2014ರ ನಿಯಮಗಳಂತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರ ವಹಿಸುವ ಆಟವನ್ನು ಆಡಲು ಆರಂಭಿಸಿದ್ದೇವೆ. ನನ್ನದು ವುಡ್ ಎಲ್ಫ್ ಕುಲದ ಮಾಂಕ್, ಅಂದರೆ ಕಾದಾಡುವ ಸನ್ಯಾಸಿ. ಬರಿಗೈಯಲ್ಲಿ ಗುದ್ದುವವನಿಗೆ ತೋಳ್ಬಲವೇ ಮುಖ್ಯವೆಂದು ನಂಬಿ, ಪುಸ್ತಕ ಕೊಡುವ 15, 14, 13, 12, 10, 8ರಲ್ಲಿ 15ನ್ನು ಸ್ಟ್ರೆಂತ್‌ಗೂ (ತೋಳ್ಬಲ) 14ನ್ನು ಡೆಕ್ಸ್ಟೆರಿಟಿಗೂ (ಚುರುಕುತನ) 13ನ್ನು ಕಾನ್‌ಸ್ಟಿಟ್ಯೂಷನ್‌ಗೂ (ದೇಹದಾರ್ಢ್ಯ) ಇಟ್ಟು, ವಿಸ್ಡಮ್‌ಗೆ (ವಿವೇಕ) 10 ಮಾತ್ರ ಕೊಟ್ಟೆ. ಮೊದಲ ದಿನವೇ ಗಾಬ್ಲಿನ್‌ಗಳ ಕೈಯಲ್ಲಿ ಎರಡು ಬಾರಿ ನೆಲಕ್ಕುರುಳಿದೆ. ಅಂಕಗಳನ್ನು ಮತ್ತೆ ಹಂಚಿಕೊಳ್ಳಲು ಆಟ ನಡೆಸುವ ನಮ್ಮ ಡಂಜನ್ ಮಾಸ್ಟರ್ ಒಪ್ಪಿದ್ದಾರೆ. ಹೇಗೆ ಹಂಚಲಿ?

ಉತ್ತರ: ನಿಮ್ಮ ಊಹೆ ಸಹಜವಾದುದೇ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಸ್ಟ್ರೆಂತ್ 15 ಇಲ್ಲದವರು ಮಾಂಕ್ ಆಗುವಂತೆಯೇ ಇರಲಿಲ್ಲ. ಆದರೆ ನೀವು ಆಡುತ್ತಿರುವ ನಿಯಮಗಳಲ್ಲಿ ಮಾಂಕ್‌ನ ಗುದ್ದಿಗೂ ಅವನ ದೊಣ್ಣೆಯ ಏಟಿಗೂ ಡೆಕ್ಸ್ಟೆರಿಟಿಯನ್ನೇ ಬಳಸಬಹುದು. ಕವಚ ತೊಡದ ಮಾಂಕ್‌ನ ರಕ್ಷಣೆಯ ಲೆಕ್ಕ ಹತ್ತಕ್ಕೆ ಡೆಕ್ಸ್ಟೆರಿಟಿ ಮತ್ತು ವಿಸ್ಡಮ್‌ಗಳ ಮಾಡಿಫೈಯರ್ (ಅಂಕಕ್ಕೆ ತಕ್ಕಂತೆ ಸಿಗುವ ಕೂಡಿಕೆ; 10, 11ಕ್ಕೆ ಸೊನ್ನೆ, 16ಕ್ಕೆ 3) ಕೂಡಿಸಿದಷ್ಟು. ಕುಲದ ಹೆಚ್ಚುವರಿ ಸೇರಿದ ಮೇಲೂ ನಿಮ್ಮ ವಿಸ್ಡಮ್ 11 ಆಗಿ ಅದರಿಂದ ಏನೂ ದಕ್ಕದೆ, ರಕ್ಷಣೆ 13ಕ್ಕೇ ನಿಂತಿದೆ. ಹೊಡೆಯಲು 4 ಕೂಡಿಸಿಕೊಳ್ಳುವ ಗಾಬ್ಲಿನ್‌ಗೆ ಇಪ್ಪತ್ತು ಮುಖದ ದಾಳದಲ್ಲಿ 9 ಬಿದ್ದರೆ ಸಾಕು, ನಿಮಗೆ ಪೆಟ್ಟು.

ಆದ್ದರಿಂದ 15ನ್ನು ವಿಸ್ಡಮ್‌ಗೆ, 14ನ್ನು ಡೆಕ್ಸ್ಟೆರಿಟಿಗೆ ಇಡಿ. ಇದು ತಲೆಕೆಳಗಾದಂತೆ ಕಾಣಬಹುದು, ಆದರೆ ವುಡ್ ಎಲ್ಫ್‌ಗೆ ಡೆಕ್ಸ್ಟೆರಿಟಿಯಲ್ಲಿ 2, ವಿಸ್ಡಮ್‌ನಲ್ಲಿ 1 ಹೆಚ್ಚುವರಿ ಸಿಗುವುದರಿಂದ ಎರಡೂ 16ಕ್ಕೆ ಮುಟ್ಟುತ್ತವೆ. ಮಾಡಿಫೈಯರ್ ಏರುವುದು ಸಮಸಂಖ್ಯೆಯಲ್ಲಿ ಮಾತ್ರ. ತಿರುಗಿಸಿ ಇಟ್ಟರೆ 17 ಮತ್ತು 15 ಬಂದು ಒಂದು ಅಂಕದ ರಕ್ಷಣೆ ವ್ಯರ್ಥವಾಗುತ್ತದೆ. ನಾನು ಹೇಳಿದಂತೆ ಹಂಚಿದರೆ ರಕ್ಷಣೆ 16, ಅದೇ ಗಾಬ್ಲಿನ್‌ಗೆ ಈಗ 12 ಬೀಳಬೇಕು.

13 ಕಾನ್‌ಸ್ಟಿಟ್ಯೂಷನ್‌ನಲ್ಲೇ ಇರಲಿ. ಎಂಟು ಮುಖದ ದಾಳದಷ್ಟೇ ಪ್ರಾಣಶಕ್ತಿ ಹೊತ್ತು, ಹತ್ತು ಮುಖದ ದಾಳವುಳ್ಳ ಫೈಟರ್‌ನ ಪಕ್ಕದಲ್ಲಿ ನಿಲ್ಲುವವನು ಮಾಂಕ್. ನಿಮ್ಮ ಡಂಜನ್ ಮಾಸ್ಟರ್ 27 ಪಾಯಿಂಟ್‌ಗಳಿಗೆ ಅಂಕ ಕೊಳ್ಳಲು ಬಿಟ್ಟರೆ ಅದನ್ನು 14 ಮಾಡಿಕೊಳ್ಳಿ: 15ಕ್ಕೆ 9, ಎರಡು 14ಗಳಿಗೆ ತಲಾ 7 ಹೋಗಿ ಇನ್ನೂ 4 ಉಳಿಯುತ್ತದೆ. ಸ್ಟ್ರೆಂತ್, ಇಂಟೆಲಿಜೆನ್ಸ್, ಕರಿಷ್ಮಾಗಳನ್ನು ನಿಮ್ಮ ಪಾತ್ರದ ಸ್ವಭಾವ ನೋಡಿ ತುಂಬಿ. ಅಂದಹಾಗೆ, ಮೊದಲ ಹಂತದಲ್ಲಿ ಗುದ್ದಿಗೆ ನಾಲ್ಕು ಮುಖದ ದಾಳ ಮಾತ್ರ. ಕ್ವಾರ್ಟರ್‌ಸ್ಟಾಫ್ ಎಂಬ ಉದ್ದ ಕೋಲನ್ನು ಎರಡು ಕೈಯಲ್ಲಿ ಹಿಡಿದರೆ ಎಂಟು ಮುಖದ್ದು. ಮೊದಲ ಏಟು ಕೋಲಿನಿಂದ, ಅದೇ ಸರದಿಯ ಹೆಚ್ಚುವರಿ ಕ್ರಿಯೆಯಾದ ಬೋನಸ್ ಆಕ್ಷನ್‌ನಲ್ಲಿ ಗುದ್ದು ಅಥವಾ ಒದೆ: ಹೀಗೆ ಆಡಿ ನೋಡಿ.

ಮರುಪ್ರಶ್ನೆ: 5ನೇ ಹಂತದ ಸ್ಟನಿಂಗ್ ಸ್ಟ್ರೈಕ್ (ಎದುರಾಳಿಯನ್ನು ಸ್ತಬ್ಧಗೊಳಿಸುವ ಏಟು) ವಿಸ್ಡಮ್ ಅನ್ನೇ ನೆಚ್ಚಿಕೊಂಡಿದೆಯಲ್ಲವೇ? ಹಾಗಿದ್ದರೆ 4ನೇ ಹಂತದಲ್ಲಿ ಸಿಗುವ ಎರಡು ಅಂಕಗಳನ್ನು ಅದಕ್ಕೇ ಹಾಕಲೇ?

ಉತ್ತರ: ಬೇಡ, ಡೆಕ್ಸ್ಟೆರಿಟಿಯನ್ನು 18 ಮಾಡಿ. ಎದುರಾಳಿಯನ್ನು ಸ್ತಬ್ಧಗೊಳಿಸಲು ಮೊದಲು ಏಟು ತಾಗಬೇಕು. ತಾಗುವುದನ್ನೂ, ತಾಗಿದ ಏಟಿನ ಬಲವನ್ನೂ, ಯಾರು ಮೊದಲು ಆಡುವರೆಂಬುದನ್ನೂ ತೀರ್ಮಾನಿಸುವುದು ಡೆಕ್ಸ್ಟೆರಿಟಿ. ವಿಸ್ಡಮ್ 16 ಇದ್ದರೆ 5ನೇ ಹಂತದಲ್ಲಿ ಸ್ತಬ್ಧನಾಗದಿರಲು ಎದುರಾಳಿ ದಾಳದಿಂದ ಮುಟ್ಟಬೇಕಾದ ಸಂಖ್ಯೆ 14. ನಿಮ್ಮ ಹಳೆಯ ಹಂಚಿಕೆಯಲ್ಲಿ ಅದು ಬರೀ 11 ಆಗುತ್ತಿತ್ತು. 8ನೇ ಹಂತದಲ್ಲಿ ಡೆಕ್ಸ್ಟೆರಿಟಿಯನ್ನು 20ಕ್ಕೆ ಮುಟ್ಟಿಸಿ, 12ನೇ ಹಂತದಿಂದ ವಿಸ್ಡಮ್ ಏರಿಸಿ.