ಸಹಾಯ ಬೇಕು: ಮೋರ್ಸ್ ತಂತಿ ಸಂಕೇತ ಬಲ್ಲ ಹಿರಿಯರು ಇದ್ದಾರೆಯೇ?

ಬದಿಯಡ್ಕದಲ್ಲಿ ಕುಳಿತು ಎರಡನೆಯ ಮಹಾಯುದ್ಧದ ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಗೂಢಚಾರಿಣಿ ಕಲ್ಪಿತಳು, ಪ್ರೇರಣೆ ಮಾತ್ರ ಟಿಪ್ಪುವಿನ ವಂಶದ ನೂರ್ ಇನಾಯತ್ ಖಾನ್. ಈಕೆ ಬ್ರಿಟಿಷರ ಗೂಢಚಾರಿಣಿಯಾಗಿ 1943ರ ಜೂನ್‌ನಲ್ಲಿ ಫ್ರಾನ್ಸ್‌ನಲ್ಲಿಳಿದು, ಪ್ಯಾರಿಸ್‌ನಿಂದ ಲಂಡನ್ನಿಗೆ ರಹಸ್ಯ ಸಂದೇಶ ಕಳುಹಿಸಿದವರು. ಮರುವರ್ಷ ಡಾಖಾವ್ ಶಿಬಿರದಲ್ಲಿ ನಾಜಿಗಳ ಗುಂಡಿಗೆ ಬಲಿಯಾದರು. ಒಮ್ಮೆ ಟಿಪ್ಪುವಿನ ವಶದಲ್ಲಿದ್ದ ಬೇಕಲ ಕೋಟೆ ನೋಡಿ ಬೆಳೆದ ನಮ್ಮಲ್ಲಿ ಎಷ್ಟು ಜನರಿಗೆ ಈಕೆ ಗೊತ್ತು?

ಕಥೆಯ ಗಂಟು ಬೆರಳಿನಲ್ಲಿದೆ. ಮೋರ್ಸ್‌ನಲ್ಲಿ ಚುಕ್ಕಿ, ಗೆರೆ ಒತ್ತುವ ಲಯ ಒಬ್ಬೊಬ್ಬರದು ಒಂದೊಂದು ಬಗೆ. ಪಳಗಿದ ಕಿವಿಗೆ ಕೈ ಯಾರದೆಂದು ತಿಳಿಯುತ್ತಿತ್ತು. ಸೆರೆಸಿಕ್ಕವಳ ಹೆಸರಿನಲ್ಲಿ ಜರ್ಮನ್ನರೇ ಸಂದೇಶ ಕಳುಹಿಸಿದರೆ?

ಕುಂಬಳೆ, ಮಂಜೇಶ್ವರ, ಉಪ್ಪಳದ ಕಡೆ ತಂತಿ ಕಚೇರಿಯಲ್ಲಿ ಮೋರ್ಸ್ ಕೀಲಿ ಒತ್ತಿದ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ದಣಿದಾಗ, ಹೆದರಿದಾಗ ಕೈ ಎಲ್ಲಿ ಎಡವುತ್ತದೆ ಎಂಬುದನ್ನು ಕೇಳಬೇಕು. ಪುಸ್ತಕಗಳ ಹೆಸರು ಬೇಡ, ರಾಶಿ ಓದಿಯಾಗಿದೆ. ಅವರಿಗೆ ಬಿಡುವಿದ್ದಾಗ ನಾನೇ ಮನೆಗೆ ಬರುತ್ತೇನೆ.