ಓದುಗರ ಸ್ಪಂದನ: ಮೈಮೇಲೆ ಹಚ್ಚೆ ಇದೆ, ಫ್ರೀಮೇಸನ್ ಲಾಡ್ಜ್ ಸೇರಬಹುದೇ?

ಕಳೆದ ಸಂಚಿಕೆಯ ಪ್ರಶ್ನೆ: ಬಲ ಮುಂದೋಳಿನ ತುಂಬ ತ್ರಿಶೂಲ, ಡಮರು. ಎಡ ಎದೆಯ ಮೇಲೆ ಅಮ್ಮನ ಹೆಸರು. ಕತ್ತಿನ ಪಕ್ಕ ಸಣ್ಣ ಚೇಳು. ಬೆಂಗಳೂರಿನ ಫ್ರೀಮೇಸನ್ ಲಾಡ್ಜ್ ಒಂದಕ್ಕೆ (ಗಂಡಸರ ಹಳೆಯ ಸೋದರ ಸಂಘದ ಸ್ಥಳೀಯ ಶಾಖೆ) ನನ್ನ ಹೆಸರು ಸೂಚಿಸಲು ಗೆಳೆಯರೊಬ್ಬರು ಒಪ್ಪಿದ್ದಾರೆ. ಹಳೇ ಕಾಲದ ಸಂಸ್ಥೆ, ಇದನ್ನೆಲ್ಲ ನೋಡಿ ಬೇಡ ಅಂದುಬಿಟ್ಟರೆ? ಲೇಸರ್ ಮಾಡಿಸಿಕೊಂಡೇ ಹೋಗಲೇ?

ಲಾಡ್ಜ್‌ಗಳ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961ರಲ್ಲಿ ಶುರುವಾದದ್ದು. ಅದರಡಿ ಬರುವ ಬೆಂಗಳೂರಿನ ಲಾಡ್ಜ್‌ಗಳು ಅದರ ದಕ್ಷಿಣ ಭಾರತ ಪ್ರಾಂತ್ಯಕ್ಕೆ ಸೇರುತ್ತವೆ. ಅಲ್ಲಿ ನಿಮ್ಮನ್ನು ಕೇಳುವುದು ದೇವರಲ್ಲಿ ನಂಬಿಕೆ ಇದೆಯೇ, ಊರಲ್ಲಿ ಒಳ್ಳೆಯ ಹೆಸರಿದೆಯೇ, ಮನೆಯವರಿಗೆ ಒಪ್ಪಿಗೆಯೇ, ಸಂಸಾರಕ್ಕೆ ತೊಂದರೆಯಾಗದಂತೆ ವಂತಿಗೆ ಕಟ್ಟಬಲ್ಲಿರಾ ಎಂದು. ಚರ್ಮದ ಲೆಕ್ಕ ಅದರಲ್ಲಿಲ್ಲ. ಈ ಭಯಕ್ಕೆ ಮೂಲ ಬಹುಶಃ ಫ್ರೀಮೇಸನ್ನರ ಹಳೇ ನಿಯಮ ಪುಸ್ತಕವಾದ 1723ರ ಆಂಡರ್ಸನ್ ನಿಯಮಾವಳಿ. ಕೆಲಸ ಕಲಿಯಲು ಅಡ್ಡಿಯಾಗುವ ಊನ ಶಿಷ್ಯನ ಮೈಯಲ್ಲಿ ಇರಬಾರದೆಂದು ಅದರಲ್ಲಿದೆ. ಕಲ್ಲುಕುಟಿಗರ ಸಂಘದಿಂದ ಬಂದ ಮಾತು ಅದು. ಕಲ್ಲು ಎತ್ತಬೇಕಾದವನಿಗೆ ಕೈಕಾಲು ನೆಟ್ಟಗಿರಬೇಕಿತ್ತು. ಹಚ್ಚೆ ಊನವಲ್ಲ.

ಆದರೆ ಪೂರ್ತಿ ತೋಳಿನ ಅಂಗಿ, ಕೋಟು ಹಾಕಿ ಮುಚ್ಚಿಕೊಂಡು ಹೋದರಾಯಿತು ಎಂಬ ಯೋಚನೆ ಇದ್ದರೆ ಈಗಲೇ ಬಿಡಿ. ಇಂಗ್ಲಿಷ್ ಪದ್ಧತಿಯಲ್ಲಿ ನಡೆಯುವ ಲಾಡ್ಜ್‌ಗಳಲ್ಲಿ ಮೊದಲ ದೀಕ್ಷೆಗೆ ಕೋಟು, ಟೈ ಕಳಚಿಸುತ್ತಾರೆ. ಬಲತೋಳನ್ನು ಮೊಣಕೈ ಮೇಲಕ್ಕೆ ಮಡಿಸುತ್ತಾರೆ, ಅಂಗಿಯ ಗುಂಡಿ ಬಿಚ್ಚಿ ಎಡ ಎದೆ ತೆರೆಯುತ್ತಾರೆ, ಎಡಗಾಲಿನ ಪ್ಯಾಂಟನ್ನು ಮಂಡಿ ಮೇಲಕ್ಕೆ ಸುತ್ತುತ್ತಾರೆ, ಬಲಗಾಲಿಗೆ ಬೂಟಿನ ಬದಲು ಚಪ್ಪಲಿ. ಕೊರಳಿಗೆ ಹಗ್ಗ. ಎದೆ ತೆರೆಸುವುದು ಬಂದವನು ಗಂಡಸೆಂದು ಖಾತ್ರಿಯಾಗಲಿ ಎಂದು, ತೋಳು ತೆರೆಸುವುದು ಆಯುಧವಿಲ್ಲವೆಂದು ತೋರಿಸಲು ಎಂಬ ವಿವರಣೆ ರೂಢಿಯಲ್ಲಿದೆ. ಅಂದರೆ ನಿಮ್ಮ ತ್ರಿಶೂಲ, ಅಮ್ಮನ ಹೆಸರು ಎರಡೂ ಸರಿಯಾಗಿ ತೆರೆದ ಜಾಗದಲ್ಲೇ ಇವೆ. ಕಣ್ಣಿಗೆ ಬಟ್ಟೆ ಕಟ್ಟುವುದು ನಿಮಗೆ, ಸುತ್ತ ಕೂತವರಿಗಲ್ಲ! ಎರಡನೇ ದೀಕ್ಷೆಯಲ್ಲಿ ಎಡಬಲ ಅದಲುಬದಲು, ಮೂರನೆಯದರಲ್ಲಿ ಎರಡೂ ಕಡೆ. ಉಳಿದವರು ಬಿಳಿ ಕೈಗವಸು ಹಾಕಿರುತ್ತಾರೆ, ದೀಕ್ಷಾರ್ಥಿಗೆ ಅದೂ ಇರುವುದಿಲ್ಲ. (ಗುಟ್ಟು ಬಿಟ್ಟುಕೊಟ್ಟೆ ಎಂದು ಯಾರೂ ಬೈಯಬೇಡಿ, ಇವೆಲ್ಲ ಎಂದೋ ಅಚ್ಚಾಗಿವೆ.)

ಹಚ್ಚೆಗಿಂತ ಲೋಹವೇ ಆ ದಿನ ಹೆಚ್ಚು ತೊಡಕು ಮಾಡುವುದು. ಮೈಮೇಲೆ ಯಾವ ಲೋಹವೂ ಇರಬಾರದು: ನಾಣ್ಯ, ಗಡಿಯಾರ, ಬೆಲ್ಟಿನ ಬಕಲು, ಕಡಗ, ಕಿವಿಯ ಕಡಕು, ಬೆಳ್ಳಿ ಉಡಿದಾರ. ಬಿಗಿಯಾದ ಉಂಗುರವನ್ನು ಬಾಗಿಲಲ್ಲಿ ಎಳೆದಾಡುವ ಬದಲು ಹಿಂದಿನ ರಾತ್ರಿಯೇ ಸೋಪಿನ ನೀರು ಹಚ್ಚಿ ತೆಗೆದಿಡಿ. ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸುವವರು ಕಾರ್ಯದರ್ಶಿಗೆ ಮುಂಚೆಯೇ ಹೇಳಿ ದಾರಿ ಕೇಳಿಕೊಳ್ಳಿ.

ಮಾಡಬೇಕಾದ್ದು ಇಷ್ಟೇ. ಅರ್ಜಿಗೆ ಸಹಿ ಹಾಕುವ ಮುಂಚೆ, ಸೂಚಕರಿಗೂ ಅನುಮೋದಕರಿಗೂ ಯಾವ ಹಚ್ಚೆ ಎಲ್ಲಿದೆ ಎಂದು ಹೇಳಿಬಿಡಿ. ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಢ ಬಣ್ಣದ ಸೂಟು. ಚೇಳಿನ ವಿಷಯ ಅವರು ಕೇಳುವ ತನಕ ಕಾಯದೆ ನೀವೇ ಎತ್ತಿ. ದೇವರ ಚಿತ್ರಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಪಕ್ಷದ ಚಿಹ್ನೆ ಇದ್ದರೆ ಹುಬ್ಬು ಏರುತ್ತದೆ, ಏಕೆಂದರೆ ಲಾಡ್ಜಿನೊಳಗೆ ರಾಜಕೀಯ, ಧರ್ಮದ ವಾದ ಎರಡೂ ನಿಷಿದ್ಧ. ಇನ್ನೊಂದು ಮಾತು: ಉತ್ಸಾಹದಲ್ಲಿ ಫ್ರೀಮೇಸನ್ನರ ಗುರುತಾದ ಮೂಲೆಮಟ್ಟ, ಕೈವಾರದ ಹಚ್ಚೆ ಈಗಲೇ ಹಾಕಿಸಿಕೊಳ್ಳಬೇಡಿ. ಮದುವೆಗೆ ಮುಂಚೆ ತೊಟ್ಟಿಲು ಕಟ್ಟಿದ ಹಾಗಾಗುತ್ತದೆ.
— ಲಾಡ್ಜಿನ ಹಿರಿಯ ಸದಸ್ಯರೊಬ್ಬರು, ಮೈಸೂರು

ತಮ್ಮಾ, ನಮ್ಮ ಅಜ್ಜಿಗೋಳ ಕೈ ನೋಡಿಲ್ಲೇನು? ಮುಂಗೈ ತುಂಬ ಹಚ್ಚಿ ಇರ್ತಿತ್ತು, ಯಾವ ಗುಡಿ ಬಾಗಿಲಾಗೂ ಯಾರೂ ತಡೀಲಿಲ್ಲ. ಮುಚ್ಚಿಡಾಕ ಹೋದ್ರನ ಮಂದಿಗೆ ಸಂಶಯ ಬರೂದು.
— ಓದುಗರು, ಧಾರವಾಡ

ಲೇಸರ್ ಬಗ್ಗೆ ಮಾತ್ರ ಹೇಳುತ್ತೇನೆ. ಕಪ್ಪು ಮಸಿಗೆ ಬಳಸುವುದು ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಎಂಬ ಲೇಸರ್, ಕಿರಣದ ಅಲೆಯುದ್ದ 1064 ನ್ಯಾನೋಮೀಟರ್. ಅದು ಮಸಿಯನ್ನು ಅಳಿಸುವುದಿಲ್ಲ, ಪುಡಿ ಮಾಡುತ್ತದೆ. ಆ ಪುಡಿಯನ್ನು ಮೈಯೇ ನಿಧಾನವಾಗಿ ಸಾಗಿಸಬೇಕು. ಹಾಗಾಗಿ ಎರಡು ಸರದಿಗಳ ನಡುವೆ 6ರಿಂದ 8 ವಾರ ಬಿಡಬೇಕು. ತೋಳು ತುಂಬಿದ ಹಚ್ಚೆ ಆರೆಂಟು ಸರದಿಯಲ್ಲಿ ತಿಳಿಯಾದರೆ ಅದೃಷ್ಟ, ಅಂದರೆ ಏಳು ತಿಂಗಳಿಂದ ಸುಮಾರು ಒಂದು ವರ್ಷ ಹಿಡಿಯುತ್ತದೆ. ಹಸಿರು, ನೀಲಿ ಬಣ್ಣ ಇದ್ದರೆ ಈ ಕಿರಣಕ್ಕೆ ಬಗ್ಗುವುದಿಲ್ಲ, ಬೇರೆ ಲೇಸರ್ ಬೇಕು. ನಮ್ಮಂಥ ಗೋಧಿ, ಕಂದು ಚರ್ಮದಲ್ಲಿ ಅವಸರಪಟ್ಟು ಶಕ್ತಿ ಹೆಚ್ಚಿಸಿದರೆ ಚರ್ಮದ ಸ್ವಂತ ಬಣ್ಣವೂ ಸುಟ್ಟು, ತ್ರಿಶೂಲದ ಜಾಗದಲ್ಲಿ ತ್ರಿಶೂಲದಾಕಾರದ ಬಿಳಿ ಮಚ್ಚೆ ಉಳಿಯಬಹುದು. ಯಾರೂ ಕೇಳದ ಪರೀಕ್ಷೆಗೆ ಇಷ್ಟು ಬೆಲೆ ಕೊಡಬೇಡಿ.
— ಚರ್ಮರೋಗ ವೈದ್ಯೆ, ಮಂಗಳೂರು

ಇಂಗ್ಲೆಂಡಿನಲ್ಲಿರುವ ಕನ್ನಡಿಗರೂ ಇದನ್ನು ಓದುತ್ತಿರಬಹುದು, ಅವರಿಗಾಗಿ. ಇಲ್ಲೂ ಹಚ್ಚೆಗೆ ತಡೆಯಿಲ್ಲ. ಆದರೆ ಸ್ವಸ್ತಿಕದ ಹಚ್ಚೆ ಇದ್ದರೆ ಅದರ ಅರ್ಥವನ್ನು ಮತದಾನಕ್ಕೆ ಮೊದಲೇ ತಿಳಿಸಿ, ಇಲ್ಲಿನವರ ಕಣ್ಣಿಗೆ ಮೊದಲು ಕಾಣುವುದು ಹಿಟ್ಲರನದು. ನಿಮ್ಮನ್ನು ಸೇರಿಸಿಕೊಳ್ಳಬೇಕೇ ಎಂಬ ಸದಸ್ಯರ ಮತದಾನ ಗುಪ್ತವಾಗಿ, ಪೆಟ್ಟಿಗೆಗೆ ಗೋಲಿ ಹಾಕಿ ನಡೆಯುತ್ತದೆ, ಕಪ್ಪು ಗೋಲಿ ಎಂದರೆ ಬೇಡ. ಮೂರು ಕಪ್ಪು ಗೋಲಿ ಬಿದ್ದರೆ ಅರ್ಜಿ ಬಿದ್ದಂತೆ. ಲಾಡ್ಜಿನ ಸ್ವಂತ ನಿಯಮದಲ್ಲಿ ಅದಕ್ಕೂ ಕಡಿಮೆ ಇರಬಹುದು. ಹಾಕಿದವರು ಕಾರಣ ಹೇಳಬೇಕಿಲ್ಲ, ಆಮೇಲೆ ವಿವರಣೆ ಕೊಡಲು ನಿಮಗೂ ಅವಕಾಶವಿಲ್ಲ.
— ಓದುಗರು, ಲಂಡನ್

ಕತ್ತಿನ ಚೇಳು ಸಂದರ್ಶನದ ದಿನ ಎದ್ದು ಕಾಣಬಾರದು ಅನ್ನಿಸಿದರೆ ಮೇಕಪ್ ಸಾಕು. ಚರ್ಮ ತೊಳೆದು ಪೂರ್ತಿ ಒಣಗಿಸಿ. ಹಳೆಯ ಕಪ್ಪು ಹಚ್ಚೆ ಚರ್ಮದಡಿ ನೀಲಿ ಹೊಡೆಯುತ್ತದೆ, ನೇರ ಫೌಂಡೇಶನ್ ಬಳಿದರೆ ಬೂದಿ ಬಣ್ಣವಾಗುತ್ತದೆ. ಅದಕ್ಕೇ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ (ನೀಲಿ ಛಾಯೆ ತಗ್ಗಿಸುವ ಕ್ರೀಮು) ತೆಳುವಾಗಿ, ಉಜ್ಜದೆ, ಬೆರಳ ತುದಿಯಲ್ಲಿ ತಟ್ಟಿ. ಐದು ನಿಮಿಷ ಬಿಟ್ಟು ನಿಮ್ಮ ಕತ್ತಿನ ಬಣ್ಣದ (ಮುಖದ್ದಲ್ಲ) ಕನ್ಸೀಲರ್ (ಕಲೆ ಮುಚ್ಚುವ ಕ್ರೀಮು) ಎರಡು ತೆಳು ಪದರ, ಮೇಲೆ ಪೌಡರ್ ಒತ್ತಿ, ಕೊನೆಗೆ ಸೆಟ್ಟಿಂಗ್ ಸ್ಪ್ರೇ. ಹಚ್ಚೆ ಹೊಸದಾಗಿದ್ದು ಹಕ್ಕಳೆ ಉದುರಿಲ್ಲವಾದರೆ ಏನೂ ಬಳಿಯಬೇಡಿ. ದೀಕ್ಷೆಯ ದಿನವಂತೂ ಬೇಡವೇ ಬೇಡ: ಹಗ್ಗ ಕೊರಳಿಗೆ ಉಜ್ಜುತ್ತದೆ, ಬೆವರುತ್ತೀರಿ, ಬಿಳಿ ಕಾಲರಿನ ಮೇಲೆ ಕಿತ್ತಳೆ ಕಲೆ ಕೂರುತ್ತದೆ.
— ಮೇಕಪ್ ಕಲಾವಿದೆ, ಬೆಂಗಳೂರು