ಸಿಇಎಸ್‌ನಲ್ಲಿ ಮಕ್ಕಳಿಗೆ ಏನಿತ್ತು? ಅಜ್ಜಿಯ ದನಿಗೆ ಎಲ್ಲಿ ಜಾಗ ಇತ್ತು?

ಗೆಳೆಯರೇ, ಲಾಸ್ ವೇಗಸ್‌ನ ಸಿಇಎಸ್ ಅನ್ನುವ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಮಕ್ಕಳಿಗೆ ಅಂತ ಏನೇನು ಬಂದಿತ್ತು, ಯಾವುದಕ್ಕೆ ದುಡ್ಡು ಹಾಕಬಹುದು ಅಂತ ನಮ್ಮ ಕನ್ನಡಿಗರ ಗುಂಪಿನಲ್ಲಿ ತುಂಬಾ ಜನ ಕೇಳಿದ್ದೀರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ವಿಷಯ. ಸಿಇಎಸ್ 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಮೇಳ. ಈಗ ಪ್ರತಿ ಜನವರಿ ಲಾಸ್ ವೇಗಸ್‌ನಲ್ಲಿ ನಡೆಯುತ್ತೆ, 2026ರಲ್ಲಿ 6ರಿಂದ 9ರವರೆಗೆ ಇತ್ತು. ಅದು ಉದ್ಯಮದವರಿಗೆ ಮಾತ್ರ. 18 ವರ್ಷ ತುಂಬದವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಅಲ್ಲಿನ ತೊಟ್ಟಿಲುಗಳಲ್ಲಿ ಗೊಂಬೆಗಳು ಮಲಗಿರುತ್ತವೆ, ತಳ್ಳುಗಾಡಿಗಳು ಖಾಲಿ ಓಡುತ್ತವೆ. ಹಲ್ಲು ಬರುತ್ತಿರುವ ಮಗು ರಾತ್ರಿ ಎರಡು ಗಂಟೆಗೆ ಕಿರುಚುವಾಗ ಆ ಸಾಮಾನು ಹೇಗೆ ನಡೆದುಕೊಳ್ಳುತ್ತೆ ಅನ್ನುವುದು ಅಲ್ಲಿ ತಿಳಿಯುವುದಿಲ್ಲ. ವೆನೀಷಿಯನ್ ಹೋಟೆಲ್ ಕಡೆಯ ಯುರೇಕಾ ಪಾರ್ಕ್ ಅನ್ನುವ ವಿಭಾಗದಲ್ಲಿ ಹೊಸ ಕಂಪನಿಗಳು ಸಾಲುಸಾಲಾಗಿ ನಿಂತಿರುತ್ತವೆ. ಅಲ್ಲಿ ತೋರಿಸೋದರಲ್ಲಿ ಎಷ್ಟೋ ಸಾಮಾನು ಇನ್ನೂ ಅಂಗಡಿಗೇ ಬಂದಿರುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಾನು ಪ್ರತಿ ಮಳಿಗೆಯಲ್ಲೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದರೊಳಗೆ ನಮ್ಮ ಮನೆಯವರ ದನಿ ಹಾಕೋಕೆ ಬರುತ್ತಾ? ಇಲ್ಲಿ ಅಮೆರಿಕದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸಾಮಾನಿನ ಕೊರತೆ ಇಲ್ಲ, ಅಲ್ವಾ? ದಿನಕ್ಕೆ ಎಷ್ಟು ಹೊತ್ತು ಕನ್ನಡ ಕಿವಿಗೆ ಬೀಳುತ್ತೆ, ಯಾರ ಬಾಯಿಂದ ಬೀಳುತ್ತೆ ಅನ್ನುವುದೇ ಚಿಂತೆ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಯಲ್ಲಿ ಮಗು ಎದ್ದಿರುವ ಹೊತ್ತೆಲ್ಲ ಡೇಕೇರ್‌ನಲ್ಲೇ ಇಂಗ್ಲಿಷಿನಲ್ಲೇ ಕಳೆಯುತ್ತೆ. ಸಂಜೆ ಉಳಿಯೋದು ಊಟ, ಸ್ನಾನ, ನಿದ್ದೆ.

ಮಾತಾಡುವ ರೋಬಾಟ್ ಇಟ್ಟವರೆಲ್ಲ "ತುಂಬಾ ಭಾಷೆ ಬರುತ್ತೆ" ಅಂತ ಖುಷಿಯಾಗಿ ಹೇಳುತ್ತಿದ್ದರು. ಕನ್ನಡ ಅಂದ ತಕ್ಷಣ ಪಕ್ಕದವರ ಮುಖ ನೋಡುತ್ತಿದ್ದರು. ಬೇಜಾರಾಯಿತು, ನಿಜ. ಆದರೆ ಯಂತ್ರ ತಾನೇ ಕನ್ನಡ ಮಾತಾಡಬೇಕು ಅಂತೇನಿಲ್ಲ. ನಾವು ಮಾತಾಡಿದ್ದನ್ನು ಇಟ್ಟುಕೊಂಡು ಮಗು ಕೇಳಿದಾಗ ಕೇಳಿಸಿದರೆ ಸಾಕು. ಆ ಕೆಲಸಕ್ಕೆ ಸಿಇಎಸ್‌ವರೆಗೆ ಹೋಗಬೇಕಾಗಿಯೂ ಇಲ್ಲ, ವರ್ಷಗಳಿಂದ ಅಂಗಡಿಯಲ್ಲಿರುವ, ಕತೆ ಹಾಡು ಕೇಳಿಸುವ ಎರಡು ಡಬ್ಬಿಗಳು ಸಾಕು.

ಒಂದು ಯೋಟೋ. ಇಂಗ್ಲೆಂಡಿನದು. ಕ್ರೆಡಿಟ್ ಕಾರ್ಡ್ ಅಳತೆಯ ಕಾರ್ಡನ್ನು ಮೇಲಿನ ಸೀಳಿಗೆ ತೂರಿಸಿದರೆ ಕತೆ ಶುರು. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಜಾಹೀರಾತೂ ಇಲ್ಲ. ಇನ್ನೊಂದು ಜರ್ಮನಿಯ ಟೋನಿಬಾಕ್ಸ್, 2016ರಲ್ಲಿ ಬಂದದ್ದು. ಮೆತ್ತನೆಯ ಡಬ್ಬಿಯ ಮೇಲೆ ಪುಟ್ಟ ಗೊಂಬೆ ನಿಲ್ಲಿಸಿದರೆ ಹಾಡುತ್ತೆ. ಕಿವಿ ಹಿಂಡಿದರೆ ದನಿ ಹೆಚ್ಚು ಕಡಿಮೆ ಆಗುತ್ತೆ, ಎರಡು ವರ್ಷದ ಮಗುವಿಗೂ ಬರುತ್ತೆ. ಯೋಟೋದಲ್ಲಿ ಖಾಲಿ ಕಾರ್ಡ್ ಸಿಗುತ್ತೆ, ಟೋನಿಬಾಕ್ಸ್‌ಗೆ ಖಾಲಿ ಗೊಂಬೆ. ಆ ಗೊಂಬೆಯಲ್ಲಿ 90 ನಿಮಿಷದಷ್ಟು ನಮ್ಮದೇ ದನಿ ಹಾಕಬಹುದು.

ನಮ್ಮ ಮನೆಯಲ್ಲಿ ಹೇಗೆ ಮಾಡಿದ್ದೇವೆ ಹೇಳುತ್ತೇನೆ. ತೀರ್ಥಹಳ್ಳಿಯಲ್ಲಿರುವ ನಮ್ಮಮ್ಮ ಫೋನಿನಲ್ಲಿ ಕಾಗಕ್ಕ ಗುಬ್ಬಕ್ಕನ ಕತೆ ಹೇಳಿ ವಾಟ್ಸಾಪ್‌ನಲ್ಲಿ ಕಳಿಸಿದರು. ಅದನ್ನು ಎಂಪಿ3 ಮಾಡಿ ಖಾಲಿ ಕಾರ್ಡಿಗೆ ಹಾಕಿದೆ. ಹಿಂದೆ ಕುಕ್ಕರ್ ಕೂಗುತ್ತೆ, ಯಾರೋ ಗೇಟ್ ತೆಗೆಯುತ್ತಾರೆ, ಮಧ್ಯೆ ಅಮ್ಮ "ಇರಿ, ಬಂದೆ" ಅಂತಾರೆ. ಯಾವುದನ್ನೂ ಕತ್ತರಿಸಲಿಲ್ಲ. ಅಮ್ಮನಿಗೆ ಎದುರು ಕೂತವರು ಹ್ಞೂಂಗುಟ್ಟದೆ ಕತೆ ಹೇಳಿ ಅಭ್ಯಾಸವಿಲ್ಲ. ಹಾಗಾಗಿ ಫೋನಿಗೆ ಹೇಳುವಾಗಲೂ ಎರಡು ಮಾತಿಗೊಮ್ಮೆ ನಿಲ್ಲಿಸಿದ್ದಾರೆ. ಈಗ ಮಗಳು ಹಾಸಿಗೆಯಲ್ಲಿ ಮಲಗಿ ಸರಿಯಾಗಿ ಆ ಜಾಗದಲ್ಲಿ "ಹ್ಞೂಂ" ಅನ್ನುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ "ಅಜ್ಜಿ, ಗೇಟಲ್ಲಿ ಯಾರು ಬಂದಿದ್ದು?" ಅಂತ ಕನ್ನಡದಲ್ಲೇ ಕೇಳಿದಳು. ಅಲ್ಲಿಂದ ಅರ್ಧ ಗಂಟೆ ಮಾತು ನಡೆಯಿತು.

ವಿಡಿಯೋ ಕಾಲ್ ಬಗ್ಗೆ ಹೊಸ ತಾಯಂದಿರು ಹೆದರುತ್ತಿದ್ದೀರಲ್ಲ, ಅದಕ್ಕೂ ಇಲ್ಲೇ ಉತ್ತರ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 18 ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಸ್ಕ್ರೀನ್ ಬೇಡ ಅನ್ನುತ್ತೆ. ಆದರೆ ವಿಡಿಯೋ ಕಾಲನ್ನು ಅದರಿಂದ ಹೊರಗಿಟ್ಟಿದೆ. ಅಜ್ಜ ಅಜ್ಜಿಗೆ ಮುಖ ತೋರಿಸೋಕೆ ಅಳುಕಬೇಡಿ.

2026ರ ಸಿಇಎಸ್‌ನಲ್ಲಿ ಮಕ್ಕಳ ಕಡೆಯ ದೊಡ್ಡ ಸುದ್ದಿ ಲೆಗೋದ ಸ್ಮಾರ್ಟ್ ಇಟ್ಟಿಗೆ. ನೋಡೋಕೆ ಮಾಮೂಲಿ ಎಂಟು ಗುಬುಟಿನ ಇಟ್ಟಿಗೆಯೇ. ಒಳಗಿನ ಚಿಪ್ ಒಂದು ಗುಬುಟಿಗಿಂತ ಚಿಕ್ಕದು. ಅಲುಗಾಡಿಸಿದರೆ, ಇನ್ನೊಂದು ಇಟ್ಟಿಗೆಯ ಹತ್ತಿರ ತಂದರೆ ಸದ್ದು, ಬೆಳಕು ಬರುತ್ತೆ. ಆಡೋಕೆ ಸ್ಕ್ರೀನ್ ಬೇಕಿಲ್ಲ, ಅದು ನನಗೆ ಹಿಡಿಸಿತು. ಆದರೆ ವಿಮಾನದ ಸದ್ದನ್ನು ಮಗು ಬಾಯಲ್ಲೇ ಮಾಡುತ್ತಲ್ಲ, ಅದನ್ನೂ ಇಟ್ಟಿಗೆಗೆ ವಹಿಸಬೇಕಾ? ನಮ್ಮ ಮನೆಗಂತೂ ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ.

ಇನ್ನು ಎಐ ಗೊಂಬೆಗಳು. ಐದು ವರ್ಷದ ಮಗನಿಗೆ ಕೊಡಿಸಲಾ ಅಂತ ಒಬ್ಬರು ಕೇಳಿದ್ದರು. ನನ್ನ ಉತ್ತರ: ದಯವಿಟ್ಟು ಈಗ ಬೇಡ. ಮಾಕ್ಸಿ ಅಂತ ಒಂದು ರೋಬಾಟ್ ಇತ್ತು, 799 ಡಾಲರ್. ಮಕ್ಕಳ ಜೊತೆ ಮಾತಾಡುತ್ತಿತ್ತು, ಭಾವನೆಗಳ ಬಗ್ಗೆ ಕೇಳುತ್ತಿತ್ತು. ಅದರ ಬುದ್ಧಿಯೆಲ್ಲ ಕಂಪನಿಯ ಸರ್ವರ್‌ನಲ್ಲಿತ್ತು. 2024ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚುತ್ತೇವೆ, ರೋಬಾಟ್ ಮಾತು ನಿಲ್ಲಿಸುತ್ತೆ ಅಂತ ತಿಳಿಸಿತು. ಗೆಳೆಯ ಯಾಕೆ ಮಾತಾಡಲ್ಲ ಅಂತ ಮಕ್ಕಳಿಗೆ ಹೇಳುವ ಕೆಲಸ ಅಪ್ಪ ಅಮ್ಮಂದಿರ ಪಾಲಿಗೆ ಬಂತು. ಊರು ಬಿಟ್ಟು ಬಂದ ನಮ್ಮ ಮಕ್ಕಳು ಪ್ರತಿ ಸಲ ವಿಮಾನ ನಿಲ್ದಾಣದಲ್ಲಿ ಅಜ್ಜಿಯನ್ನು ಬಿಟ್ಟು ಅಳುತ್ತಾರೆ. ಇನ್ನೊಂದು ಅಗಲಿಕೆಯನ್ನು ದುಡ್ಡು ಕೊಟ್ಟು ತರೋದು ಬೇಡ.

ಇಂಥ ಗೊಂಬೆಗಳು ಮನೆಯ ಮಾತನ್ನು ಕದ್ದು ಕೇಳುತ್ತವೆ ಅನ್ನುವ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಕೇಲಾ ಅನ್ನುವ ಮಾತಾಡುವ ಗೊಂಬೆಯನ್ನು ಜರ್ಮನಿ 2017ರಲ್ಲಿ ನಿಷೇಧಿಸಿತು, ಅದನ್ನು ಗುಪ್ತವಾಗಿ ಕದ್ದು ಕೇಳುವ ಸಾಧನ ಅಂತಲೇ ಪರಿಗಣಿಸಿ. 2025ರ ಸಿಇಎಸ್‌ನಲ್ಲಿ ಬಾಷ್ ಕಂಪನಿ ತೋರಿಸಿದ ತೊಟ್ಟಿಲಿನಲ್ಲಿ ಕ್ಯಾಮೆರಾ, ಮೈಕ್, ರೇಡಾರ್ ಎಲ್ಲವೂ ಇದ್ದವು. ಗ್ರಾಹಕರ ಪರ ಗುಂಪುಗಳು ಮೇಳದ ಕೆಟ್ಟ ಸಾಮಾನುಗಳಿಗೆ ಕೊಡುವ ಬಿರುದು ಖಾಸಗಿತನದ ವಿಷಯದಲ್ಲಿ ಅದಕ್ಕೇ ಹೋಯಿತು.

ತೊಟ್ಟಿಲಿನ ಮಾತು ಬಂತಲ್ಲ, ಡಲ್ಲಾಸ್‌ನಲ್ಲಿ ಮೊದಲ ಮಗುವಿಗೆ ಕಾಯುತ್ತಿರುವವರಿಗೆ ಇದು. ತಾನಾಗಿ ತೂಗುವ ತೊಟ್ಟಿಲುಗಳು ನಿಜವಾಗಿಯೂ ಒಳ್ಳೆಯ ಯೋಚನೆ. ಕ್ರೇಡಲ್‌ವೈಸ್ ಅನ್ನುವ ಅಂಥ ತೊಟ್ಟಿಲನ್ನು ಕಟ್ಟಿದವರು ರಾಧಿಕಾ ಪಾಟೀಲ್ ಮತ್ತು ಭರತ್ ಪಾಟೀಲ್ ದಂಪತಿ, ಬೆಂಗಳೂರಿನಲ್ಲೂ ಅವರ ತಂಡವಿದೆ. ಮಗು ಮಿಸುಕಾಡುವುದನ್ನು ಕ್ಯಾಮೆರಾದಿಂದ ಗುರುತಿಸಿ, ಅಳು ಶುರುವಾಗೋ ಮುಂಚೆಯೇ ಮೆಲ್ಲಗೆ ತೂಗುತ್ತೆ. ಎರಡು ವರ್ಷದವರೆಗೂ ಬಳಸಬಹುದು. ಸ್ನೂ ಅನ್ನುವ ಇನ್ನೊಂದು ತೊಟ್ಟಿಲು ಮೊದಲ ಆರು ತಿಂಗಳಿಗೆ ಮಾತ್ರ. ನಮ್ಮವರಲ್ಲಿ ಒಬ್ಬರ ಮನೆಯ ತೊಟ್ಟಿಲು ನಾಲ್ಕು ಮನೆ ಸುತ್ತುವುದು ವಾಡಿಕೆ. ಆದರೆ ಸ್ನೂ ಕಂಪನಿ 2024ರ ಜುಲೈನಿಂದ ಆ್ಯಪ್‌ನ ಕೆಲವು ಸೌಲಭ್ಯಗಳಿಗೆ ತಿಂಗಳಿಗೆ 20 ಡಾಲರ್ ಶುಲ್ಕ ಇಟ್ಟಿದೆ. ಬೇರೆಯವರಿಂದ ಪಡೆದವರಿಗೂ ಇದು ತಟ್ಟುತ್ತೆ. ಕೈಬದಲಿನ ತೊಟ್ಟಿಲು ತಗೊಳ್ಳೋ ಮುಂಚೆ ಆ್ಯಪ್ ಇಲ್ಲದೆ ಏನೇನು ನಡೆಯುತ್ತೆ ಕೇಳಿ.

ಮಗುವಿನ ಕಾಲಿಗೆ ಹಾಕುವ ಔಲೆಟ್ ಸಾಕ್ಸ್ ಬಗ್ಗೆಯೂ ಕೇಳಿದ್ದಿರಿ. ನಾಡಿ, ಆಮ್ಲಜನಕ ಅಳೆಯುತ್ತೆ. 2021ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರ ಕೊಟ್ಟಿತ್ತು, 2023ರ ನವೆಂಬರ್‌ನಲ್ಲಿ 1ರಿಂದ 18 ತಿಂಗಳ ಆರೋಗ್ಯವಂತ ಮಕ್ಕಳಿಗೆ ಹೊಸ ಸಾಕ್ಸ್‌ಗೆ ಒಪ್ಪಿಗೆ ಸಿಕ್ಕಿತು. ಆದರೂ ನಿದ್ದೆಯಲ್ಲಿನ ಹಠಾತ್ ಸಾವನ್ನು ತಡೆಯೋಕೆ ಇಂಥ ಸಾಧನವನ್ನು ನಂಬಬೇಡಿ ಅಂತಲೇ ಅದೇ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತೆ. ಗಟ್ಟಿ, ಸಪಾಟು ಹಾಸಿಗೆ, ಬೆನ್ನ ಮೇಲೆ ಮಲಗಿಸುವುದು, ದಿಂಬು ಹೊದಿಕೆ ಇಲ್ಲದಿರುವುದು, ಇವೇ ಮುಖ್ಯ. ಬಾಣಂತನಕ್ಕೆ ಬರುವ ಅಮ್ಮ ಸಾಸಿವೆ ದಿಂಬು ತಂದೇ ತರುತ್ತಾರೆ. ಅವರು ಹೊರಡೋ ಮುಂಚೆಯೇ ಪ್ರೀತಿಯಿಂದ ಈ ಮಾತು ಹೇಳಿಬಿಡಿ. ಬಂದ ಮೇಲೆ ಹೇಳಿದರೆ ನೊಂದುಕೊಳ್ಳುತ್ತಾರೆ.

ಊರಿಗೆ ಕಳಿಸೋಕೆ ಒಂದು ಸಾಮಾನು ಕೇಳಿದರೆ ನಾನು ಡಿಜಿಟಲ್ ಫೋಟೋ ಫ್ರೇಮ್ ಅನ್ನುತ್ತೇನೆ. ಇಲ್ಲಿಂದ ಫೋನಿನಲ್ಲಿ ಕಳಿಸಿದ ಚಿತ್ರ ಮೈಸೂರಿನ ಹಾಲ್‌ನಲ್ಲಿ ತಾನಾಗಿ ಬರುತ್ತೆ. ಅಜ್ಜ ಯಾವ ಬಟನ್ನೂ ಒತ್ತಬೇಕಿಲ್ಲ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿಕೊಳ್ಳಿ, ನಮ್ಮೂರಲ್ಲಿ 230. ಹೋದಾಗ ಮನೆಯ ವೈಫೈಗೆ ನೀವೇ ಜೋಡಿಸಿ ಬನ್ನಿ.

ಕೊನೆಗೆ ಒಂದು ಕೋರಿಕೆ. ಬೇಸಿಗೆಗೆ ನಿಮ್ಮಲ್ಲಿ ಹಲವರ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರಿಂದ ಒಂದೊಂದು ಕತೆ ಹೇಳಿಸಿ. ನನ್ನ ಮಗಳು ಕೇಳುತ್ತಿರೋದು ಮಲೆನಾಡಿನ ಕನ್ನಡ ಮಾತ್ರ. ಧಾರವಾಡದ್ದು, ಮಂಡ್ಯದ್ದು, ಮಂಗಳೂರಿನದು, ಕಲಬುರಗಿಯದು ಎಲ್ಲವೂ ಮಕ್ಕಳ ಕಿವಿಗೆ ಬೀಳಲಿ ಅಂತ ಆಸೆ. ಐದು ಹತ್ತು ನಿಮಿಷ ಸಾಕು, ಫೋನಿನಲ್ಲೇ ಮಾಡಿ. ಹಿಂದಿನ ಸದ್ದು ತೆಗೆಯೋಕೆ ಹೋಗಬೇಡಿ. ಹೇಳಿದವರ ಒಪ್ಪಿಗೆ ಕೇಳಿಕೊಂಡು ನನಗೆ ಕಳಿಸಿ. ಕಾರ್ಡಿಗೆ ಹಾಕಿ ಬೇಕಾದವರಿಗೆ ತಲುಪಿಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ.